ಚೈನ್ ಹಲ್ಲು ಹಾರುವುದೇಕೆ? ಸ್ಕೇಲ್ ಹಿಡಿದು ಕಲಿಯುವ ಒಂದು ಪಾಠ

ನಮ್ಮ ಕಾಲೇಜಿನ ಸೈಕಲ್ ಸ್ಟ್ಯಾಂಡಿನಲ್ಲಿರುವ ಸೈಕಲ್‌ಗಳಲ್ಲಿ ಹೆಚ್ಚಿನವು ಗೇರ್ ಇಲ್ಲದ ಸಾದಾ ಸೈಕಲ್‌ಗಳು. ಅದರಲ್ಲೂ ಬಹಳಷ್ಟು ಸರ್ಕಾರ ಕೊಟ್ಟವು. ಕರ್ನಾಟಕ ಸರ್ಕಾರ 2006–07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಶುರು ಮಾಡಿತು. ಮೊದಲು ಹೆಣ್ಣುಮಕ್ಕಳಿಗೆ, ಆಮೇಲೆ ಗಂಡುಮಕ್ಕಳಿಗೂ ಕೊಟ್ಟರು. ಕೋವಿಡ್ ಬಂದ ಮೇಲೆ ವಿತರಣೆ ನಿಂತಿತು. ನಮ್ಮ ಬ್ಯಾಚಿನವರು ಎಂಟನೇ ತರಗತಿಗೆ ಬರುವ ಹೊತ್ತಿಗೆ ಸೈಕಲ್ ಬರಲಿಲ್ಲ. ಹಾಗಾಗಿ ಈಗ ನಮ್ಮಲ್ಲಿ ಅನೇಕರು ಓಡಿಸುವುದು ಅಣ್ಣನ ಸೈಕಲ್, ಅಕ್ಕನ ಸೈಕಲ್. ನಾನು ಓಡಿಸುವುದು ನಮ್ಮ ಆಪಾಗೆ ಸಿಕ್ಕಿದ್ದ ಸೈಕಲ್.

ಹಳೆಯ ಸೈಕಲ್ ಎಂದರೆ ಹಳೆಯ ಚೈನ್. ಹುಣಸೂರಿನಲ್ಲಿ ನನ್ನ ಮಾಮು ಒಂದು ಚಿಕ್ಕ ಸೈಕಲ್ ಅಂಗಡಿ ಇಟ್ಟಿದ್ದಾರೆ. ಎಸ್ಸೆಸ್ಸೆಲ್ಸಿ ಮುಗಿದ ರಜೆಯಿಂದ ಭಾನುವಾರಗಳಲ್ಲಿ ನಾನು ಅಲ್ಲಿ ಕೂರುತ್ತೇನೆ. ಪಂಕ್ಚರ್ ಬಿಟ್ಟರೆ ಅಲ್ಲಿ ಹೆಚ್ಚು ಕೇಳುವ ಮಾತು ಇದು: “ಸಾಬ್ರೇ, ಚೈನು ಜಾರ್ತದೆ, ಒಸಿ ಬಿಗಿ ಮಾಡ್ಕೊಡಿ.” ಉರ್ದು ಮಾತಾಡುವವರು ಬಂದರೆ “ಚೈನ್ ಢೀಲಾ ಹೋಗಯಾ” ಎನ್ನುತ್ತಾರೆ. ಭಾಷೆ ಎರಡಾದರೂ ನಂಬಿಕೆ ಒಂದೇ: ಚೈನ್ ಜಾರಿದರೆ ಅದು ಸಡಿಲವಾಗಿದೆ, ಬಿಗಿ ಮಾಡಿದರೆ ಸರಿಹೋಗುತ್ತದೆ.

ಕೆಲವು ಸಲ ಇದು ನಿಜ. ಅನೇಕ ಸಲ ನಿಜವಲ್ಲ. ಚೈನ್ ಜಾರಲು ಸಡಿಲು ಒಂದು ಕಾರಣ, ಸವೆತ ಇನ್ನೊಂದು ಕಾರಣ. ಸಡಿಲನ್ನು ಪಾನಾ ಹಿಡಿದು ಸರಿಮಾಡಬಹುದು. ಸವೆತವನ್ನು ಯಾವ ಪಾನಾದಿಂದಲೂ ಸರಿಮಾಡಲಾಗುವುದಿಲ್ಲ. ನಮ್ಮ ಮುಂದಿರುವುದು ಯಾವುದು ಎಂದು ಮೊದಲು ತಿಳಿದುಕೊಳ್ಳಬೇಕು. ಅದಕ್ಕೆ ಬೇಕಾಗಿರುವುದು 30 ಸೆಂಟಿಮೀಟರ್‌ನ ಒಂದು ಸ್ಕೇಲ್ ಮತ್ತು ಹತ್ತು ನಿಮಿಷ. ಈ ಪಾಠ ಅದರ ಬಗ್ಗೆ.

1. ಕಳಚುವುದು ಬೇರೆ, ಹಲ್ಲು ಹಾರುವುದು ಬೇರೆ

ಚೈನ್ ಪೂರ್ತಿ ಕಳಚಿ ಕೆಳಗೆ ಬೀಳುವುದು ಒಂದು ತೊಂದರೆ. ಚೈನ್ ತನ್ನ ಜಾಗದಲ್ಲೇ ಇದ್ದು, ಜೋರಾಗಿ ತುಳಿದಾಗ “ಟಕ್” ಎಂದು ಒಂದು ಹಲ್ಲು ದಾಟಿ ಮುಂದಿನ ಹಲ್ಲಿಗೆ ಕೂರುವುದು ಇನ್ನೊಂದು ತೊಂದರೆ. ಇದನ್ನೇ ಹಲ್ಲು ಹಾರುವುದು ಎನ್ನುತ್ತೇವೆ. ಕಳಚಿಕೊಳ್ಳಲು ಸಾಮಾನ್ಯವಾಗಿ ಸಡಿಲು ಅಥವಾ ಚಕ್ರ ಓರೆಯಾಗಿರುವುದು ಕಾರಣ. ಹಲ್ಲು ಹಾರಲು ಮಾತ್ರ ಕಾರಣಗಳು ಹಲವು.

ಎರಡರಲ್ಲಿ ಹೆಚ್ಚು ಅಪಾಯ ಹಲ್ಲು ಹಾರುವುದರಲ್ಲಿದೆ. ಏಕೆಂದರೆ ಅದು ಆಗುವುದು ನಾವು ಪೂರ್ತಿ ಬಲ ಹಾಕಿದಾಗ. ದಿಣ್ಣೆ ಹತ್ತುವಾಗ, ಇಲ್ಲವೇ ನಿಂತ ಜಾಗದಿಂದ ಬೇಗ ರಸ್ತೆ ದಾಟುವಾಗ. ಸೀಟಿನಿಂದ ಎದ್ದು ಪೆಡಲ್ ಮೇಲೆ ನಿಂತಿರುತ್ತೇವೆ, ಪೆಡಲ್ ಇದ್ದಕ್ಕಿದ್ದಂತೆ ಕೆಳಗೆ ಹೋಗುತ್ತದೆ, ಮೈ ಮುಂದಕ್ಕೆ ಬೀಳುತ್ತದೆ, ಹ್ಯಾಂಡಲ್ ತಿರುಗುತ್ತದೆ. ಮೈಸೂರು–ಮಡಿಕೇರಿ ಹೆದ್ದಾರಿಯಲ್ಲಿ ಹಿಂದೆ ಬಸ್ ಇರುವಾಗ ಹೀಗಾದರೆ ಏನಾಗಬಹುದು ಎಂದು ಹೇಳಬೇಕಾಗಿಲ್ಲ.

ಬಲದ ಲೆಕ್ಕವನ್ನೂ ನೋಡಿ. 44 ಹಲ್ಲಿನ ಚೈನ್ ವೀಲ್‌ನ ಸುತ್ತಳತೆ 44 × 12.7 = ಸುಮಾರು 559 ಮಿ.ಮೀ. ಹಾಗಾದರೆ ತ್ರಿಜ್ಯ ಸುಮಾರು 89 ಮಿ.ಮೀ. ಕ್ರ್ಯಾಂಕಿನ ಉದ್ದ 165 ಮಿ.ಮೀ. ಎಂದಿಟ್ಟುಕೊಳ್ಳಿ. 50 ಕಿಲೋ ತೂಕದ ವಿದ್ಯಾರ್ಥಿ ಅಡ್ಡಲಾಗಿರುವ ಪೆಡಲ್ ಮೇಲೆ ಎದ್ದು ನಿಂತರೆ ಚೈನ್ ಮೇಲೆ ಬೀಳುವ ಎಳೆತ 50 × 165 ÷ 89, ಅಂದರೆ 90 ಕಿಲೋಗಿಂತ ಹೆಚ್ಚು ತೂಕ ನೇತುಹಾಕಿದಷ್ಟು. ಸ್ಟ್ಯಾಂಡ್ ಹಾಕಿ ಪೆಡಲನ್ನು ಕೈಯಲ್ಲಿ ತಿರುಗಿಸಿದಾಗ “ಎಲ್ಲಾ ಸರಿ ಇದೆ” ಎಂದು ಕಾಣುವ ಚೈನ್ ರಸ್ತೆಯಲ್ಲಿ ಜಾರುವುದು ಇದರಿಂದಲೇ.

2. ಅರ್ಧ ಇಂಚಿನ ನಿಯಮ

ಚೈನ್ ಬಿಡಿಸಿ ನೋಡಿದರೆ ಅದರಲ್ಲಿ ಹೊರಗಿನ ತಗಡು, ಒಳಗಿನ ತಗಡು, ಅವನ್ನು ಜೋಡಿಸುವ ಪಿನ್, ಪಿನ್ನಿನ ಸುತ್ತ ಬುಷ್, ಬುಷ್‌ನ ಸುತ್ತ ಉರುಳುವ ರೋಲರ್ ಇರುತ್ತವೆ. ಬುಷ್ ಮತ್ತು ರೋಲರ್ ಇರುವ ಈ ಚೈನನ್ನು 1880ರಲ್ಲಿ ರೂಪಿಸಿದವರು ಹ್ಯಾನ್ಸ್ ರೆನಾಲ್ಡ್. ಅವರು ಸ್ವಿಟ್ಜರ್ಲೆಂಡ್‌ನಲ್ಲಿ ಹುಟ್ಟಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಕಾರ್ಖಾನೆ ನಡೆಸಿದವರು. ಐದು ವರ್ಷಗಳ ನಂತರ, 1885ರಲ್ಲಿ, ಜಾನ್ ಕೆಂಪ್ ಸ್ಟಾರ್ಲಿ ಅವರ ‘ರೋವರ್’ ಸೈಕಲ್ ಬಂತು. ಎರಡೂ ಚಕ್ರ ಹೆಚ್ಚುಕಡಿಮೆ ಸಮ, ಹಿಂದಿನ ಚಕ್ರಕ್ಕೆ ಚೈನ್. ನಾವು ಇಂದು ಓಡಿಸುವ ಸಾದಾ ಸೈಕಲ್ ಆ ವಂಶದ್ದೇ.

ಸೈಕಲ್ ಚೈನಿನಲ್ಲಿ ಒಂದು ಪಿನ್ನಿನ ಮಧ್ಯದಿಂದ ಮುಂದಿನ ಪಿನ್ನಿನ ಮಧ್ಯಕ್ಕೆ ದೂರ ಅರ್ಧ ಇಂಚು, ಅಂದರೆ 12.7 ಮಿ.ಮೀ. ಇದು ಯಾವ ಕಂಪನಿಯ ಚೈನ್ ಆದರೂ ಒಂದೇ. ಚೈನ್ ವೀಲ್ ಮತ್ತು ಫ್ರೀವೀಲ್‌ನ ಹಲ್ಲುಗಳನ್ನೂ ಇದೇ ಅಳತೆಗೆ ಕೊರೆದಿರುತ್ತಾರೆ. ಅಗಲದಲ್ಲಿ ಮಾತ್ರ ವ್ಯತ್ಯಾಸ ಇದೆ. ಗೇರ್ ಇಲ್ಲದ ಸೈಕಲ್‌ಗೆ ಸಾಮಾನ್ಯವಾಗಿ ಬರುವುದು ಒಳಗಿನ ಅಗಲ ಇಂಚಿನ ಎಂಟನೇ ಒಂದು ಭಾಗ ಇರುವ ಚೈನ್. ಗೇರ್ ಸೈಕಲ್‌ನ ಚೈನ್ ಅದಕ್ಕಿಂತ ಕಿರಿದು, ನಮ್ಮ ದಪ್ಪ ಹಲ್ಲಿನ ಫ್ರೀವೀಲ್ ಮೇಲೆ ಅದು ಸರಿಯಾಗಿ ಕೂರುವುದಿಲ್ಲ. ಅಂಗಡಿಯಲ್ಲಿ ಚೈನ್ ಕೇಳುವಾಗ “ಸಾದಾ ಸೈಕಲ್ಲಿಗೆ” ಎಂದು ಹೇಳಿ ಕೇಳಿ.

3. ಚೈನ್ ಹಿಗ್ಗುವುದಿಲ್ಲ, ಸವೆಯುತ್ತದೆ

“ಚೈನ್ ಎಳೆದುಕೊಂಡಿದೆ” ಎಂದು ಎಲ್ಲರೂ ಹೇಳುತ್ತಾರೆ. ಆದರೆ ರಬ್ಬರ್ ಎಳೆದಂತೆ ಕಬ್ಬಿಣದ ತಗಡು ಉದ್ದವಾಗಿರುವುದಿಲ್ಲ. ಪಿನ್ ಮತ್ತು ಬುಷ್ ಒಂದಕ್ಕೊಂದು ಉಜ್ಜಿ ಸವೆದಿರುತ್ತವೆ. ಒಂದೊಂದು ಜೋಡಿಯಲ್ಲೂ ಕೂದಲಿನಷ್ಟು ಜಾಗ ಬಿಡುತ್ತದೆ. ಒಂದು ಜೋಡಿಯಲ್ಲಿ ಅದು ಕಣ್ಣಿಗೆ ಕಾಣುವುದಿಲ್ಲ, ನೂರು ಜೋಡಿಗಳಲ್ಲಿ ಕೂಡಿದಾಗ ಕಾಣುತ್ತದೆ.

ಕಾಲೇಜು 6 ಕಿ.ಮೀ. ದೂರ, ದಿನಕ್ಕೆ ಹೋಗಿಬರುವುದು 12 ಕಿ.ಮೀ. ಎಂದುಕೊಳ್ಳಿ. ಚಕ್ರ ಒಂದು ಸುತ್ತಿಗೆ ಸುಮಾರು 2 ಮೀಟರ್ ಹೋದರೆ ಅದು 6,000 ಸುತ್ತು. ಮುಂದೆ 44, ಹಿಂದೆ 18 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತಿಗೆ ಚಕ್ರ 2.44 ಸುತ್ತು ತಿರುಗುತ್ತದೆ. ದಾರಿಯುದ್ದಕ್ಕೂ ತುಳಿದರೆ ಪೆಡಲ್ ಸುಮಾರು 2,460 ಸುತ್ತು. ನೂರು ಕೊಂಡಿಯ ಚೈನ್ ಆದರೆ ಅದು ಸುಮಾರು 1,080 ಸಲ ಪೂರ್ತಿ ಸುತ್ತು ಹಾಕುತ್ತದೆ. ಪ್ರತಿ ಸುತ್ತಿನಲ್ಲಿ ಒಂದೊಂದು ಪಿನ್ ಎರಡು ಸಲ ಬಾಗುತ್ತದೆ, ಎರಡು ಸಲ ನೇರವಾಗುತ್ತದೆ. ಅಂದರೆ ದಿನಕ್ಕೆ ನಾಲ್ಕು ಸಾವಿರಕ್ಕೂ ಹೆಚ್ಚು ಸಲ ಪಿನ್ ತನ್ನ ಬುಷ್‌ನೊಳಗೆ ಉಜ್ಜಿಕೊಳ್ಳುತ್ತದೆ. ಒಳಗೆ ಎಣ್ಣೆ ಇದ್ದರೆ ಪರವಾಗಿಲ್ಲ. ಎಣ್ಣೆಯ ಬದಲು ದೂಳು ಇದ್ದರೆ ಅದು ಅರದ ಕೆಲಸ ಮಾಡುತ್ತದೆ.

ನಮ್ಮ ಕಡೆಯ ದಾರಿಗಳಲ್ಲಿ ದೂಳಿಗೇನೂ ಕೊರತೆಯಿಲ್ಲ. ಎಚ್.ಡಿ. ಕೋಟೆ ಕಡೆಯ ಕೆಮ್ಮಣ್ಣು, ಹುಣಸೂರು–ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹೊಲಗಳ ನಡುವಿನ ದಾರಿ, ಕೆ.ಆರ್. ನಗರದ ಕಡೆ ನಾಲೆ ಏರಿಯ ಕೆಸರು, ಎಲ್ಲವೂ ಚೈನಿಗೆ ಅಂಟುತ್ತವೆ.

ಕಾಮರ್ಸ್ ವಿದ್ಯಾರ್ಥಿಗಳಿಗೆ ಇಲ್ಲಿ ಒಂದು ಪದ ನೆನಪಾಗಬೇಕು. ಲೆಕ್ಕಶಾಸ್ತ್ರದಲ್ಲಿ ಯಂತ್ರದ ಮೌಲ್ಯ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುವುದನ್ನು ಕನ್ನಡದಲ್ಲಿ ‘ಸವಕಳಿ’ ಎನ್ನುತ್ತೇವೆ. ಮೊದಲ ಪಿಯುಸಿಯಲ್ಲಿ ನನಗೆ ಅದು ಬರೀ ಒಂದು ಖಾತೆಯ ಹೆಸರಾಗಿತ್ತು. ಆ ಪದದ ಮೂಲ ಅರ್ಥವೇ ಉಜ್ಜಿ ಸವೆಯುವುದು. ಸ್ಥಿರ ಕಂತಿನ ವಿಧಾನದಲ್ಲಿ ನಾವು ಪ್ರತಿ ವರ್ಷ ಒಂದೇ ಮೊತ್ತ ಕಳೆಯುತ್ತೇವೆ. ಚೈನಿಗೆ ಹಾಗೆ ಮಾಡಲಾಗುವುದಿಲ್ಲ, ಅದು ಕ್ಯಾಲೆಂಡರ್ ನೋಡಿ ಸವೆಯುವುದಿಲ್ಲ. ಓಡಿದ ದೂರ, ದೂಳು, ಮಳೆ, ಎಣ್ಣೆ, ಹೊತ್ತ ಭಾರ, ಇವುಗಳ ಮೇಲೆ ಸವೆಯುತ್ತದೆ. “ಹಾಕಿ ಒಂದೇ ವರ್ಷ ಆಯಿತು” ಎಂಬ ಮಾತು ಚೈನಿನ ಸ್ಥಿತಿ ಹೇಳುವುದಿಲ್ಲ. ಅಳತೆ ಹೇಳುತ್ತದೆ.

4. ಅಳೆಯುವ ವಿಧಾನ

1. ಸೈಕಲ್ ಸ್ಟ್ಯಾಂಡ್ ಹಾಕಿ. ಚೈನ್ ಕವರ್ ಇದ್ದರೆ ಅದರ ಸ್ಕ್ರೂ ಬಿಚ್ಚಿ ತೆಗೆಯಿರಿ.

2. ಒಂದು ಬಟ್ಟೆಯಿಂದ ಚೈನಿನ ಮೇಲಿನ ಭಾಗ ಒರೆಸಿ, ಪಿನ್‌ಗಳ ತಲೆ ಕಾಣಬೇಕು.

3. ಪೆಡಲನ್ನು ಮೆಲ್ಲಗೆ ಒತ್ತಿ ಹಿಡಿಯಲು ಸ್ನೇಹಿತರಿಗೆ ಹೇಳಿ. ಹಿಂದಿನ ಬ್ರೇಕ್ ಹಿಡಿದಿರಬೇಕು. ಆಗ ಮೇಲಿನ ಚೈನ್ ನೇರವಾಗಿ ಎಳೆದು ನಿಲ್ಲುತ್ತದೆ.

4. ಯಾವುದಾದರೂ ಒಂದು ಪಿನ್ನಿನ ಎಡ ಅಂಚಿಗೆ ಸ್ಕೇಲಿನ ಸೊನ್ನೆ ಇಡಿ. ಆ ಪಿನ್ ‘ಸೊನ್ನೆ’. ಮುಂದಿನದು ಒಂದು, ಎರಡು, ಹೀಗೆ ಇಪ್ಪತ್ತನೆಯ ಪಿನ್‌ವರೆಗೆ ಎಣಿಸಿ. ಮೊದಲ ಪಿನ್ನನ್ನೇ ಒಂದು ಎಂದು ಎಣಿಸಿದರೆ ಲೆಕ್ಕ ತಪ್ಪುತ್ತದೆ.

5. ಇಪ್ಪತ್ತನೆಯ ಪಿನ್ನಿನ ಎಡ ಅಂಚು ಎಲ್ಲಿ ಬಂತು ನೋಡಿ. ಎಡ ಅಂಚಿನಿಂದ ಎಡ ಅಂಚಿಗೇ ಅಳೆಯಬೇಕು.

ಹೊಸ ಚೈನ್ ಆದರೆ 20 × 12.7 = 254 ಮಿ.ಮೀ. ಬರಬೇಕು. ಮೂರು ಬೇರೆ ಬೇರೆ ಜಾಗದಲ್ಲಿ ಅಳೆದು, ಹೆಚ್ಚು ಬಂದ ಅಳತೆಯನ್ನು ತೆಗೆದುಕೊಳ್ಳಿ.

254ರಿಂದ 255 ಮಿ.ಮೀ. ಒಳಗಿದ್ದರೆ ಚೈನ್ ಚೆನ್ನಾಗಿದೆ, ಜಾರುವ ಕಾರಣ ಬೇರೆ ಕಡೆ ಹುಡುಕಿ. 255 ದಾಟಿ 256ರ ಹತ್ತಿರ ಬಂದಿದ್ದರೆ ಚೈನ್ ಅರ್ಧಕ್ಕಿಂತ ಹೆಚ್ಚು ಆಯುಷ್ಯ ಮುಗಿಸಿದೆ, ಹೊಸದಕ್ಕೆ ದುಡ್ಡು ಕೂಡಿಡಿ. 256.5 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದು ಶೇಕಡಾ 1ರಷ್ಟು ಸವೆತ. ಬದಲಿಸಲೇಬೇಕು.

ಶೇಕಡಾ 1 ಎಂದರೆ ಕಡಿಮೆ ಎನಿಸಬಹುದು. ನೂರು ಕೊಂಡಿಯ ಚೈನಿನಲ್ಲಿ ಶೇಕಡಾ 1 ಎಂದರೆ ಸರಿಯಾಗಿ ಒಂದು ಕೊಂಡಿಯ ಉದ್ದ. ಹಲ್ಲುಗಳ ನಡುವಿನ ಅಂತರ 12.7 ಮಿ.ಮೀ. ಇರುವಾಗ ಚೈನಿನದು 12.83 ಆಗಿರುತ್ತದೆ. ಆಗ ರೋಲರ್ ಹಲ್ಲಿನ ಬುಡದಲ್ಲಿ ಕೂರದೆ ಹಲ್ಲಿನ ಮೇಲಕ್ಕೆ ಏರಿ ಕೂರುತ್ತದೆ. ಹಲವು ಹಲ್ಲುಗಳು ಹಂಚಿಕೊಂಡು ಹೊರಬೇಕಾದ ಭಾರ ಒಂದೆರಡು ಹಲ್ಲುಗಳ ತುದಿಗೆ ಬೀಳುತ್ತದೆ. ಜೋರಾಗಿ ತುಳಿದ ಕೂಡಲೇ ತುದಿಯಿಂದ ದಾಟಿ ಹಾರುತ್ತದೆ.

ಸ್ಕೇಲ್ ಇಲ್ಲದಿದ್ದರೆ ಒಂದು ಒರಟು ಪರೀಕ್ಷೆ ಇದೆ. ಚೈನ್ ವೀಲ್‌ನ ಮುಂತುದಿಯಲ್ಲಿ ಚೈನನ್ನು ಬೆರಳಿಂದ ಮುಂದಕ್ಕೆ ಎಳೆಯಿರಿ. ಅರ್ಧ ಹಲ್ಲಿಗಿಂತ ಹೆಚ್ಚು ಹೊರಗೆ ಬಂದು ಸಂದಿಯಲ್ಲಿ ಬೆಳಕು ಕಂಡರೆ ಸವೆತ ಜಾಸ್ತಿ ಇದೆ.

5. ಹಲ್ಲುಗಳನ್ನು ನೋಡಿ, ಆಮೇಲೆ ದುಡ್ಡು ಕೊಡಿ

ಸವೆದ ಚೈನ್ ತಾನೊಂದೇ ಕೆಡುವುದಿಲ್ಲ, ಹಲ್ಲುಗಳನ್ನೂ ತನ್ನ ಅಳತೆಗೆ ಕೊರೆದುಕೊಳ್ಳುತ್ತದೆ. ಅದರಲ್ಲೂ ಮೊದಲು ಹಾಳಾಗುವುದು ಹಿಂದಿನ ಫ್ರೀವೀಲ್. ಪೆಡಲ್ ಒಂದು ಸುತ್ತಿಗೆ ಚೈನ್ ವೀಲ್‌ನ ಒಂದು ಹಲ್ಲು ಒಂದು ಸಲ ಕೆಲಸ ಮಾಡಿದರೆ ಫ್ರೀವೀಲ್‌ನ ಒಂದು ಹಲ್ಲು 2.44 ಸಲ ಕೆಲಸ ಮಾಡುತ್ತದೆ. ಅಲ್ಲದೆ ಅಲ್ಲಿ ಭಾರ ಹಂಚಿಕೊಳ್ಳಲು ಇರುವ ಹಲ್ಲುಗಳೂ ಕಡಿಮೆ.

ಫ್ರೀವೀಲ್ ಹಲ್ಲನ್ನು ಬದಿಯಿಂದ ನೋಡಿ. ಎರಡೂ ಕಡೆ ಒಂದೇ ರೀತಿಯ ಇಳಿಜಾರಿದ್ದರೆ ಹಲ್ಲು ಚೆನ್ನಾಗಿದೆ. ಒಂದು ಕಡೆ ಕೊರೆದು, ತುದಿ ಚೂಪಾಗಿ, ಕೊಕ್ಕೆಯ ಹಾಗೆ ಬಾಗಿದ್ದರೆ ಅದರ ಕೆಲಸ ಮುಗಿದಿದೆ.

ಈ ಎರಡು ವಿಷಯ, ಅಂದರೆ ಚೈನಿನ ಅಳತೆ ಮತ್ತು ಹಲ್ಲಿನ ಆಕಾರ, ಗೊತ್ತಾದರೆ ತೀರ್ಮಾನ ಸುಲಭ:

• ಚೈನ್ ಚೆನ್ನಾಗಿದೆ, ಹಲ್ಲು ಚೆನ್ನಾಗಿದೆ: ಬಿಗಿ ಸರಿಮಾಡಿ, ಎಣ್ಣೆ ಬಿಡಿ. ಖರ್ಚಿಲ್ಲ.

• ಚೈನ್ ಸವೆದಿದೆ, ಹಲ್ಲು ಚೆನ್ನಾಗಿದೆ: ಚೈನ್ ಮಾತ್ರ ಬದಲಿಸಿ. ಸರಿಯಾದ ಸಮಯಕ್ಕೆ ಬಂದಿದ್ದೀರಿ.

• ಚೈನ್ ಸವೆದಿದೆ, ಹಲ್ಲೂ ಕೊಕ್ಕೆಯಾಗಿದೆ: ಚೈನ್ ಮತ್ತು ಫ್ರೀವೀಲ್ ಎರಡನ್ನೂ ಒಟ್ಟಿಗೆ ಬದಲಿಸಿ.

• ಚೈನ್ ಹೊಸದು, ಹಲ್ಲು ಕೊಕ್ಕೆಯಾಗಿದೆ: ಫ್ರೀವೀಲ್ ಬದಲಿಸಿ.

ನಾಲ್ಕನೆಯದನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ಹನಗೋಡು ಕಡೆಯ ಒಂದು ಹಳ್ಳಿಯಿಂದ ಒಬ್ಬರು ಮಗಳ ಸೈಕಲನ್ನು ಮಾಮು ಅಂಗಡಿಗೆ ತಂದರು. ಮಗಳು ಹೈಸ್ಕೂಲು. ಹಳೆಯ ಚೈನ್ ಜಾರುತ್ತಿತ್ತು ಎಂದು ಬೇರೆ ಕಡೆ ಹೊಸ ಚೈನ್ ಹಾಕಿಸಿದ್ದರು. ಅದಾದ ಮೇಲೆ ಮೊದಲಿಗಿಂತ ಜಾಸ್ತಿ ಜಾರಲು ಶುರುವಾಯಿತು. “ದುಡ್ಡು ಹಾಕಿದ್ದೂ ದಂಡ ಆಯ್ತು ಸಾಬ್ರೇ, ಗುಜರಿಗೆ ಹಾಕ್ಬುಡ್ತೀನಿ, ಅವಳು ಬಸ್ಸಲ್ಲೇ ಹೋಗ್ಲಿ” ಎಂದರು. ಅವರ ಊರಿಗೆ ಬೆಳಿಗ್ಗೆ ಬರುವುದು ಒಂದೇ ಬಸ್, ಅದು ತಪ್ಪಿದರೆ ಆ ದಿನದ ಶಾಲೆ ತಪ್ಪಿತು.

ಮಾಮು ನನ್ನ ಕೈಗೆ ಸ್ಕೇಲ್ ಕೊಟ್ಟರು. ಚೈನ್ ಸರಿಯಾಗಿ 254 ಮಿ.ಮೀ. ಬಂತು. ಚೈನಿನದು ಏನೂ ತಪ್ಪಿರಲಿಲ್ಲ. ಫ್ರೀವೀಲ್ ಹಲ್ಲುಗಳು ಮಾತ್ರ ಕೊಕ್ಕೆಯಾಗಿದ್ದವು. ಹಳೆಯ ಚೈನ್ ಮತ್ತು ಹಳೆಯ ಫ್ರೀವೀಲ್ ಒಂದಕ್ಕೊಂದು ಸವೆದು ಹೇಗೋ ಹೊಂದಿಕೊಂಡಿದ್ದವು. 12.7ರ ಹೊಸ ಚೈನ್ ಬಂದ ಮೇಲೆ ಆ ಹೊಂದಾಣಿಕೆ ಹೋಯಿತು. ಫ್ರೀವೀಲ್ ಬದಲಿಸಿದರು. ಅವರೇ ಸೈಕಲ್ ಹತ್ತಿ, ಎದ್ದು ನಿಂತು ತುಳಿದು ನೋಡಿದರು. ಜಾರಲಿಲ್ಲ. ಸೈಕಲ್ ಗುಜರಿಗೆ ಹೋಗಲಿಲ್ಲ.

ಇಲ್ಲಿ ಖರ್ಚಿನ ಮಾತೂ ಇದೆ. ಮೂರು ಭಾಗಗಳಲ್ಲಿ ಬೇಗ ಸವೆಯುವುದು ಚೈನ್, ಸುಲಭವಾಗಿ ಬದಲಿಸಬಹುದಾದದ್ದೂ ಅದೇ. ಚೈನ್ ವೀಲ್ ಬದಲಿಸಬೇಕೆಂದರೆ ಸಾಮಾನ್ಯವಾಗಿ ಕ್ರ್ಯಾಂಕ್ ಸಮೇತ ಬದಲಿಸಬೇಕು. ಚೈನನ್ನು ಸಮಯಕ್ಕೆ ಬದಲಿಸುವುದು ದುರಸ್ತಿ ಖರ್ಚು. ಬಿಟ್ಟರೆ ಅದು ಇನ್ನೆರಡು ಭಾಗಗಳ ಖರ್ಚಾಗಿ ಬೆಳೆಯುತ್ತದೆ.

6. ಬಿಗಿ ಮಾಡುವ ಕ್ರಮ

ಅಳತೆ ಸರಿ ಇದೆ, ಹಲ್ಲು ಸರಿ ಇದೆ, ಆದರೂ ಜಾರುತ್ತದೆ ಎಂದರೆ ಸಡಿಲು ನೋಡಿ. ಕೆಳಗಿನ ಚೈನಿನ ಮಧ್ಯಭಾಗವನ್ನು ಬೆರಳಿಂದ ಎತ್ತಿ ಇಳಿಸಿ. ಒಟ್ಟು ಆಟ ಅರ್ಧ ಇಂಚು, ಅಂದರೆ 12 ಮಿ.ಮೀ. ಆಸುಪಾಸು ಇರಬೇಕು. ಚೈನ್ ವೀಲ್ ಸ್ವಲ್ಪ ಸೊಟ್ಟಗಿದ್ದರೆ ಒಂದು ಕಡೆ ಬಿಗಿ, ಒಂದು ಕಡೆ ಸಡಿಲು ಬರುತ್ತದೆ. ಪೆಡಲ್ ತಿರುಗಿಸುತ್ತಾ ಅತಿ ಬಿಗಿಯಾದ ಜಾಗ ಹುಡುಕಿ, ಅಲ್ಲಿ ಅಳೆಯಿರಿ.

1. ಹಿಂದಿನ ಚಕ್ರದ ಎರಡೂ ಕಡೆಯ ನಟ್‌ಗಳನ್ನು ಸರಿಹೊಂದುವ ಪಾನಾದಿಂದ ಸ್ವಲ್ಪ ಸಡಿಲಿಸಿ. ಪೂರ್ತಿ ಬಿಚ್ಚುವುದು ಬೇಡ. ಸ್ಟ್ಯಾಂಡ್, ಕ್ಯಾರಿಯರ್, ಮಡ್‌ಗಾರ್ಡ್ ಕಡ್ಡಿಗಳೂ ಅದೇ ಆಕ್ಸಲ್ ಮೇಲೆ ಇರುವುದರಿಂದ ಸೈಕಲ್ ವಾಲಬಹುದು, ಗೋಡೆಗೆ ಒರಗಿಸಿಕೊಳ್ಳಿ.

2. ಚಕ್ರವನ್ನು ಹಿಂದಕ್ಕೆ ಎಳೆಯಿರಿ. ಚೈನ್ ಅಡ್ಜಸ್ಟರ್ ಇದ್ದರೆ ಎರಡೂ ಕಡೆ ಅದರ ನಟ್ ಅನ್ನು ಸಮನಾಗಿ ತಿರುಗಿಸಿ.

3. ಟೈರ್ ಫ್ರೇಮಿನ ಎರಡು ಕೊಳವೆಗಳ ಮಧ್ಯದಲ್ಲಿದೆಯೇ ನೋಡಿ. ಓರೆಯಾದರೆ ಚೈನ್ ಕಳಚುತ್ತದೆ, ಟೈರ್ ಉಜ್ಜುತ್ತದೆ.

4. ಚೈನ್ ಇರುವ ಕಡೆಯ ನಟ್ ಮೊದಲು ಬಿಗಿ ಮಾಡಿ, ಮತ್ತೆ ಚಕ್ರ ಮಧ್ಯಕ್ಕೆ ತಂದು ಇನ್ನೊಂದು ನಟ್ ಬಿಗಿ ಮಾಡಿ.

5. ಮತ್ತೊಮ್ಮೆ ಅರ್ಧ ಇಂಚಿನ ಆಟ ನೋಡಿ. ಚಕ್ರ ಸರಿದಿರುವುದರಿಂದ ಬ್ರೇಕ್ ರಬ್ಬರ್ ರಿಮ್ ಮೇಲೆ ಸರಿಯಾಗಿ ಕೂರುತ್ತದೆಯೇ ಎಂದು ನೋಡುವುದು ಕಡ್ಡಾಯ.

ಅತಿಯಾಗಿ ಬಿಗಿ ಮಾಡಬೇಡಿ. ತಂತಿಯಂತೆ ಬಿಗಿದ ಚೈನ್ ಪೆಡಲ್ ಭಾರ ಮಾಡುತ್ತದೆ, ಆಕ್ಸಲ್‌ನ ಬಾಲ್ಸ್‌ಗಳನ್ನೂ ಬೇಗ ಕೆಡಿಸುತ್ತದೆ.

ಚಕ್ರ ಹಿಂದಕ್ಕೆ ಪೂರ್ತಿ ಬಂದರೂ ಚೈನ್ ಸಡಿಲ ಇದ್ದರೆ ಒಂದು ಒಳಕೊಂಡಿ ಮತ್ತು ಒಂದು ಹೊರಕೊಂಡಿಯನ್ನು ಜೋಡಿಯಾಗಿ ತೆಗೆಸುತ್ತಾರೆ. ಚೈನ್ ಒಂದು ಇಂಚು ಗಿಡ್ಡವಾಗುತ್ತದೆ. ಅಷ್ಟು ಸಡಿಲು ಬಂದದ್ದು ಎಲ್ಲಿಂದ ಎಂದು ಮೊದಲು ಕೇಳಿಕೊಳ್ಳಿ. ಸವೆತದಿಂದಲೇ ಬಂದಿದ್ದರೆ ಕೊಂಡಿ ತೆಗೆಸಿದಾಗ ಉದ್ದ ಕಡಿಮೆಯಾಗುತ್ತದೆ, ಉಳಿದ ಕೊಂಡಿಗಳು 12.83ರಲ್ಲೇ ಇರುತ್ತವೆ. ಚೈನ್ ಬಿಗಿಯಾಗಿ ಕಾಣುತ್ತದೆ, ಹಲ್ಲು ತಿನ್ನುವುದು ನಿಲ್ಲುವುದಿಲ್ಲ.

7. ಚೈನಿನ ತಪ್ಪಲ್ಲದ ಜಾರಾಟ

ಮೂರು ತೊಂದರೆಗಳು ಚೈನ್ ಜಾರಿದಂತೆಯೇ ಅನಿಸುತ್ತವೆ.

ಗಟ್ಟಿಯಾದ ಕೊಂಡಿ: ತುಕ್ಕು ಹಿಡಿದು ಒಂದು ಕೊಂಡಿ ಬಾಗದೆ ನಿಂತಿರುತ್ತದೆ. ಪೆಡಲನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸಿ ಫ್ರೀವೀಲ್ ಹತ್ತಿರ ನೋಡಿ. ಆ ಕೊಂಡಿ ಬಂದಾಗ ಚೈನ್ ಎಗರುತ್ತದೆ. ಅದಕ್ಕೆ ಎಣ್ಣೆ ಬಿಟ್ಟು, ಎರಡೂ ಕಡೆ ಹಿಡಿದು ಅಡ್ಡಡ್ಡ ಮೆಲ್ಲಗೆ ಅಲುಗಾಡಿಸಿದರೆ ಸಡಿಲವಾಗುತ್ತದೆ.

ಫ್ರೀವೀಲ್ ಒಳಗಿನ ತೊಂದರೆ: ಫ್ರೀವೀಲ್ ಒಳಗೆ ಸ್ಪ್ರಿಂಗ್‌ನಿಂದ ಎದ್ದು ನಿಲ್ಲುವ ಸಣ್ಣ ತುಂಡುಗಳಿವೆ. ಮುಂದಕ್ಕೆ ತುಳಿದಾಗ ಹಿಡಿಯುವುದು, ಹಿಂದಕ್ಕೆ ತಿರುಗಿಸಿದಾಗ “ಟಿಕ್ ಟಿಕ್” ಎನ್ನುವುದು ಅವೇ. ಅವು ಸವೆದರೆ ಅಥವಾ ಗ್ರೀಸ್ ಗಟ್ಟಿಯಾಗಿ ಸಿಕ್ಕಿಕೊಂಡರೆ ಪೆಡಲ್ ಖಾಲಿ ತಿರುಗುತ್ತದೆ. ಗುರುತಿಸುವುದು ಹೀಗೆ: ಚೈನ್ ಹಲ್ಲಿನ ಮೇಲೆ ಹಾರದೆ ಸರಿಯಾಗಿ ಕೂತಿದೆ, ಫ್ರೀವೀಲ್ ಹಲ್ಲೂ ತಿರುಗುತ್ತಿದೆ, ಚಕ್ರ ಮಾತ್ರ ತಿರುಗುತ್ತಿಲ್ಲ. ಇದು ಅಂಗಡಿಯ ಕೆಲಸ, ಫ್ರೀವೀಲ್ ಬಿಚ್ಚಲು ಬೇರೆಯೇ ಸಾಧನ ಬೇಕು. ಉಳಿ–ಸುತ್ತಿಗೆ ಹಿಡಿಯಬೇಡಿ.

ಕಾಟರ್ ಪಿನ್: ಕ್ರ್ಯಾಂಕನ್ನು ಆಕ್ಸಲ್‌ಗೆ ಹಿಡಿದಿರುವ ಪಿನ್ ಸಡಿಲವಾದರೆ ಪೆಡಲ್ ಪ್ರತಿ ಸುತ್ತಿನಲ್ಲೂ ಅದೇ ಜಾಗದಲ್ಲಿ “ಟಕ್” ಎಂದು ಜರುಗುತ್ತದೆ. ಎರಡು ಪೆಡಲ್‌ಗಳನ್ನೂ ಕೈಯಲ್ಲಿ ಹಿಡಿದು ಎದುರುಬದುರು ಅಲುಗಾಡಿಸಿದರೆ ತಿಳಿಯುತ್ತದೆ.

8. ಎಣ್ಣೆ: ಎಷ್ಟು, ಎಲ್ಲಿ

ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ಅದ್ದಿ ಚೈನ್ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಲು ಬಿಡಿ. ಹತ್ತಿರದಲ್ಲಿ ಬೆಂಕಿ ಇರಬಾರದು, ಟೈರ್ ಮತ್ತು ರಿಮ್‌ಗೆ ತಾಗಬಾರದು. ಆಮೇಲೆ ಕೆಳಗಿನ ಚೈನಿನ ಒಳಮುಖಕ್ಕೆ ಒಂದು ರೋಲರ್‌ಗೆ ಒಂದು ಹನಿಯಂತೆ ಎಣ್ಣೆ ಬಿಡುತ್ತಾ ಪೆಡಲನ್ನು ಹಿಂದಕ್ಕೆ ತಿರುಗಿಸಿ. ಹತ್ತು ನಿಮಿಷ ಬಿಟ್ಟು ಹೊರಗಿನ ಎಣ್ಣೆಯನ್ನು ಪೂರ್ತಿ ಒರೆಸಿ. ಎಣ್ಣೆಯ ಕೆಲಸ ಇರುವುದು ಪಿನ್ನಿನ ಒಳಗೆ. ಹೊರಗೆ ಉಳಿದ ಎಣ್ಣೆ ದೂಳು ಹಿಡಿಯುತ್ತದೆ.

ಮನೆಯಲ್ಲಿ ಹೊಲಿಗೆ ಯಂತ್ರ ಇದ್ದರೆ ಅದರ ಎಣ್ಣೆಯೇ ಸಾಕು. ತೆಳುವಾದ್ದರಿಂದ ಸ್ವಲ್ಪ ಬೇಗ ಬೇಗ ಬಿಡಬೇಕು. ಕೊಬ್ಬರಿ ಎಣ್ಣೆ ಬೇಡ, ಚಳಿಗೆ ಹೆಪ್ಪುಗಟ್ಟುತ್ತದೆ, ಅಂಟಾಗುತ್ತದೆ. ಬೈಕಿನಿಂದ ತೆಗೆದ ಕಪ್ಪು ಎಣ್ಣೆಯೂ ಬೇಡ, ಅದರಲ್ಲಿ ಲೋಹದ ಪುಡಿ ಇರುತ್ತದೆ. ಮಳೆಯಲ್ಲಿ ನೆನೆದ ದಿನ ಒರೆಸಿ ಎಣ್ಣೆ ಬಿಡುವುದನ್ನು ಮರೆಯಬೇಡಿ.

9. ಎಚ್ಚರ

ಚೈನ್ ತಿರುಗುವಾಗ ಬೆರಳು ಹಲ್ಲಿನ ಹತ್ತಿರ ಹೋಗಬಾರದು. ಬೆರಳು ಸಿಕ್ಕರೆ ತುಂಡಾಗಬಹುದು. ಪೆಡಲ್ ತಿರುಗಿಸುವವರೂ ಚೈನ್ ಮುಟ್ಟುವವರೂ ಒಬ್ಬರೇ ಆಗಿದ್ದರೆ ಒಳ್ಳೆಯದು. ತಮ್ಮ–ತಂಗಿಯರನ್ನು ದೂರ ಇಡಿ.

ಚೈನ್ ಲಾಕ್ ಇರುವ ಚೈನ್ ಆದರೆ ಲಾಕ್‌ನ ಮುಚ್ಚಿದ ತುದಿ ಚೈನ್ ಸಾಗುವ ದಿಕ್ಕಿಗೆ ಇರಬೇಕು. ಮೇಲಿನ ಚೈನ್‌ನಲ್ಲಿ ನೋಡಿದರೆ ಅದು ಮುಂದಿನ ಚಕ್ರದ ಕಡೆಗೆ ಮುಖ ಮಾಡಿರುತ್ತದೆ. ತೆರೆದ ತುದಿ ಮುಂದಿದ್ದರೆ ಏನಾದರೂ ತಾಗಿ ಕಳಚಬಹುದು.

ಕೆಲಸ ಮುಗಿದ ಮೇಲೆ ಚೈನ್ ಕವರನ್ನು ಮತ್ತೆ ಹಾಕಿ. “ಶಬ್ದ ಬರುತ್ತದೆ” ಎಂದು ಕವರ್ ತೆಗೆದು ಬಿಸಾಡುವವರಿದ್ದಾರೆ. ದುಪ್ಪಟ್ಟಾ, ಬುರ್ಖಾ, ಸಡಿಲ ಪೈಜಾಮದ ಅಂಚು ಚೈನಿಗೆ ಸಿಕ್ಕರೆ ಬೀಳುವುದು ಖಚಿತ. ಕೊನೆಗೆ, ಸರಿಮಾಡಿದ ಸೈಕಲನ್ನು ಮೊದಲು ವಾಹನಗಳಿಲ್ಲದ ಜಾಗದಲ್ಲಿ, ಮೈದಾನದಲ್ಲಿ, ಜೋರಾಗಿ ತುಳಿದು ನೋಡಿ. ಆಮೇಲೆ ರಸ್ತೆಗೆ ತನ್ನಿ.

10. ಅಭ್ಯಾಸ

1. ನಿಮ್ಮ ಸೈಕಲ್‌ನ ಮುಂದಿನ ಮತ್ತು ಹಿಂದಿನ ಹಲ್ಲುಗಳನ್ನು ಎಣಿಸಿ. ಪೆಡಲ್ ಒಂದು ಸುತ್ತಿಗೆ ಚಕ್ರ ಎಷ್ಟು ಸುತ್ತು ತಿರುಗುತ್ತದೆ?

2. ಒಂದು ಚೈನಿನ 20 ಕೊಂಡಿಗಳ ಅಳತೆ 257 ಮಿ.ಮೀ. ಬಂದಿದೆ. ಸವೆತ ಶೇಕಡಾ ಎಷ್ಟು? ಏನು ಮಾಡುತ್ತೀರಿ? (ಉತ್ತರ: 3 ÷ 254 × 100, ಸುಮಾರು ಶೇ. 1.2. ಚೈನ್ ಬದಲಿಸಬೇಕು, ಫ್ರೀವೀಲ್ ಹಲ್ಲು ನೋಡಬೇಕು.)

3. ಹೊಸ ಚೈನ್ ಹಾಕಿದ ಮೇಲೆ ಜಾರುವುದು ಹೆಚ್ಚಾಯಿತು. ಕಾರಣವೇನಿರಬಹುದು?

4. ಎರಡು ಅಂಗಡಿಗಳಲ್ಲಿ ಚೈನ್, ಫ್ರೀವೀಲ್, ಚೈನ್ ವೀಲ್ ಬೆಲೆ ಕೇಳಿ ಬರೆದುಕೊಳ್ಳಿ. ಚೈನ್ ಒಂದನ್ನೇ ಬದಲಿಸುವುದಕ್ಕೂ ಮೂರನ್ನೂ ಬದಲಿಸುವುದಕ್ಕೂ ಎಷ್ಟು ವ್ಯತ್ಯಾಸ?

5. ನಿಮ್ಮ ಮನೆಯಲ್ಲಿ ಅಥವಾ ಪಕ್ಕದ ಮನೆಯಲ್ಲಿ “ಚೈನ್ ಜಾರುತ್ತದೆ” ಎಂದು ಮೂಲೆಗೆ ಸೇರಿದ ಸರ್ಕಾರಿ ಸೈಕಲ್ ಇದೆಯೇ? ಇದ್ದರೆ ಅದರ ಚೈನ್ ಅಳೆದು, ಹಲ್ಲು ನೋಡಿ, ಮೇಲಿನ ನಾಲ್ಕರಲ್ಲಿ ಯಾವ ಗುಂಪಿಗೆ ಸೇರುತ್ತದೆ ಎಂದು ಬರೆಯಿರಿ.

ಐದನೆಯ ಪ್ರಶ್ನೆಗೆ ಉತ್ತರ ಬರೆದವರು ಅದನ್ನು ನನಗೆ ತೋರಿಸಿ. ಸೈಕಲನ್ನು ಸ್ಟ್ಯಾಂಡಿಗೆ ತಂದರೆ ಮಧ್ಯಾಹ್ನದ ಬಿಡುವಿನಲ್ಲಿ ಒಟ್ಟಿಗೆ ಅಳೆಯೋಣ. ಸ್ಕೇಲ್ ನನ್ನ ಬ್ಯಾಗಿನಲ್ಲಿದೆ. ದುಂದು ಮಾಡಬಾರದು ಎಂದು ನಮಗೆಲ್ಲ ಮನೆಯಲ್ಲೂ ಮದರಸಾದಲ್ಲೂ ಹೇಳಿಕೊಟ್ಟಿದ್ದಾರೆ. ಒಂದು ಫ್ರೀವೀಲ್‌ಗಾಗಿ ಇಡೀ ಸೈಕಲನ್ನು ಗುಜರಿಗೆ ಹಾಕುವುದೂ ದುಂದೇ. ಮುಂದಿನ ವರ್ಷ ಅದೇ ಸೈಕಲ್‌ನಲ್ಲಿ ನಮ್ಮ ತಮ್ಮನೋ ತಂಗಿಯೋ ಶಾಲೆಗೆ ಹೋಗಬಹುದು.